ಹೆಬ್ಬಾವಿನ ಗೇಟಿನ ಅಳತೆ

ಬಟ್ಟೆ ಕತ್ತರಿಸುವವರಿಗೆ ಒಂದು ಕೆಟ್ಟ ಚಾಳಿ ಇರುತ್ತದೆ. ಯಾವುದನ್ನು ನೋಡಿದರೂ ಅದರಲ್ಲಿ ಎಷ್ಟು ಚೂರು ದಂಡವಾಯಿತು ಎನ್ನುವುದೇ ಮೊದಲು ಕಣ್ಣಿಗೆ ಬೀಳುತ್ತದೆ. ನನಗಂತೂ ಅದು ಹುಚ್ಚಿನ ಮಟ್ಟಕ್ಕೆ ಹೋಗಿದೆ ಎಂದು ನಮ್ಮ ಮನೆಯವರು ಹೇಳುತ್ತಾರೆ. ಹೇಳಲಿ. ಒಂದು ದಿನ ಅಂಗಡಿ ಮುಚ್ಚಿ ಥೀಮ್ ಪಾರ್ಕಿಗೆ ಹೋಗುವುದೆಂದರೆ ಆ ದಿನವೂ ಒಂದು ಬಟ್ಟೆಯ ತುಂಡೇ. ಕಂಡಕಂಡಲ್ಲಿ ಕತ್ತರಿ ಹಾಕಿದರೆ ಕೊನೆಗೆ ಕಾಲರಿಗೆ ಬಟ್ಟೆ ಸಾಲುವುದಿಲ್ಲ.

ನಮ್ಮದು ಶಾಲೆಯ ಯೂನಿಫಾರಂ ಹೊಲಿಯುವ ಅಂಗಡಿ. ಅಳತೆ ತೆಗೆಯುವುದು ಅಪ್ಪ, ಕತ್ತರಿಸುವುದು ನಾನು, ಹಿಂದಿನ ಕೋಣೆಯಲ್ಲಿ ಹೊಲಿಯುವವರು ಇಬ್ಬರು ಹೆಂಗಸರು. ಮನೆಯವರು ಪಾರ್ಸೆಲ್ ವ್ಯಾನ್ ಓಡಿಸುತ್ತಾರೆ. ಮಗಳಿಗೆ ಎಂಟು ವರ್ಷ. ಹುಟ್ಟಿದಾಗ ಅಪ್ಪ ಅವಳನ್ನು ಅಂಗೈ ಮೇಲೆ ಮಲಗಿಸಿಕೊಂಡು "ಇದು ಮಗುವಲ್ಲ ಕಣೆ, ಬಟನ್ನು" ಅಂದಿದ್ದ. ಆ ಹೆಸರು ಹೊಲಿಗೆ ಹಾಕಿದ ಹಾಗೆ ಕೂತುಬಿಟ್ಟಿತು. ಶಾಲೆಯಲ್ಲಿ ಸಾಲು ನಿಂತಾಗ ಬಟನ್ ಇವತ್ತಿಗೂ ಎಲ್ಲರಿಗಿಂತ ಮುಂದೆ, ಯಾಕೆಂದರೆ ಅವಳಿಗಿಂತ ಕುಳ್ಳಗಿರುವವರು ಕ್ಲಾಸಿನಲ್ಲಿ ಇನ್ನೊಬ್ಬರಿಲ್ಲ.

ಶಾಲೆ ಶುರುವಾಗಿ ಗಿರಾಕಿಗಳ ಗಲಾಟೆ ತಣ್ಣಗಾದ ಮೇಲೆ ಒಂದು ದಿನ ಅಂಗಡಿಗೆ ರಜೆ. ಈ ಸಲ ಆ ದಿನ ಪಾರ್ಕಿಗೆ ಎಂದು ಮೊದಲೇ ಮಾತಾಗಿತ್ತು. ನಾನು ಕತ್ತರಿಸುವ ಮೇಜಿನ ಮೇಲೆ ಪ್ಯಾಟರ್ನಿನ ಕಂದು ಕಾಗದದ ಉದ್ದ ಪಟ್ಟಿಯೊಂದನ್ನು ಹಾಸಿದೆ. ಅದು ನಮ್ಮ ದಿನ. ಪಟ್ಟಿಯ ಎಡ ತುದಿ ಗೇಟು ತೆಗೆಯುವ ಹೊತ್ತು, ಬಲ ತುದಿ ಮುಚ್ಚುವ ಹೊತ್ತು. ಒಂದೊಂದು ಆಟಕ್ಕೂ ಅದು ನುಂಗುವ ಸಮಯಕ್ಕೆ ತಕ್ಕಂತೆ ಒಂದೊಂದು ಕಾಗದದ ತುಂಡು ಕತ್ತರಿಸಿದೆ. ಬಟನ್ ಎಲ್ಲದಕ್ಕೂ ಬಣ್ಣ ಬಳಿದಳು. ತುಂಡು ತುಂಡಿನ ನಡುವೆ ನಡೆಯಲು, ನೀರು ಕುಡಿಯಲು, ಅಪ್ಪನ ಮಂಡಿಗೆ ಎಂದು ಹೊಲಿಗೆ ಅಂಚು ಬಿಟ್ಟೆ.

ಮನೆಯವರು ಟೀ ಲೋಟ ಹಿಡಿದುಕೊಂಡು ಬಂದು ಮೇಜಿನ ಪಕ್ಕ ನಿಂತರು.

"ಇದೇನು, ಪ್ಯಾಂಟೋ ಶರ್ಟೋ?"

"ಲೋಟ ಕಾಗದದ ಮೇಲೆ ಇಡಬೇಡಿ. ನೋಡಿ, ದೊಡ್ಡ ತುಂಡು ಮೊದಲು ಹಾಕ್ಕೋಬೇಕು. ಜೇಬು, ಕಾಲರ್ ಎಲ್ಲ ಆಮೇಲೆ ಸಂದಿಲಿ ಕೂರುತ್ತೆ. ಜನ ಏನ್ ಮಾಡ್ತಾರೆ? ಗೇಟು ದಾಟಿದ ತಕ್ಷಣ ಎದುರಿಗೆ ಸಿಕ್ಕಿದ್ದಕ್ಕೆ ಮುಗಿಬೀಳ್ತಾರೆ. ನಾವು ಸೀದಾ ಹಿಂಬದಿಗೆ ಹೋಗೋದು. ಹೆಬ್ಬಾವು ಅಲ್ಲಿರೋದು. ಅದಕ್ಕೆ ಕ್ಯೂ ಬೆಳೆಯೋದ್ರೊಳಗೆ ನಾವು ಇಳಿದಿರ್ತೀವಿ."

"ಊಟ?"

"ಊರೆಲ್ಲ ಉಣ್ಣೋಕೆ ಮುಂಚೆ. ಬಿಸಿಲೇರಿದಾಗ ಒಳಗಡೆ ಆಟ, ಅಪ್ಪ ಕೂತಿರಬಹುದು. ನೀರಿನ ಆಟ ಅದಾದ ಮೇಲೆ, ಒದ್ದೆ ಬಟ್ಟೆ ಒಣಗೋಕೆ ಬಿಸಿಲು ಉಳಿದಿರಬೇಕಲ್ಲ."

"ಮತ್ತೆ ನನಗೆ ಸುಮ್ಮನೆ ಕೂರೋಕೆ ಒಂದು ತುಂಡು ಕತ್ತರಿಸಿಲ್ವಲ್ಲೇ" ಎಂದು ಅವರು ನಿಜವಾಗಿಯೂ ಹುಡುಕಿ ನೋಡಿದರು.

ಹೆಬ್ಬಾವು ಎಂದರೆ ಪಾರ್ಕಿನ ಅತಿ ದೊಡ್ಡ ರೈಲು, ತಲೆಕೆಳಗಾಗಿ ಸುತ್ತಿ ಬರುವಂಥದ್ದು. ಬಟನ್ ಅದಕ್ಕೆ ಕೆಂಪು ಬಳಿದಿದ್ದಳು. ಅವಳಿಗೆ ಪಾರ್ಕೆಂದರೆ ಅದೊಂದೇ. ಕ್ಲಾಸಿನ ಮಕ್ಕಳು ಅದರಲ್ಲಿ ಕೂತು ಬಂದವರು "ನಿನ್ನನ್ನ ಗೇಟಲ್ಲೇ ನಿಲ್ಲಿಸ್ತಾರೆ ಬಿಡು" ಎಂದು ಆಡಿಕೊಂಡಿದ್ದರು. ಅವರು ಹೇಳಿದ್ದು ಸುಳ್ಳೇನೂ ಅಲ್ಲ. ನಾಲ್ಕು ಅಡಿ ಇಲ್ಲದವರನ್ನು ಹತ್ತಿಸುವುದಿಲ್ಲ.

"ತಾತ, ನಾನು ನಾಲ್ಕು ಅಡಿ ಇದೀನಾ?"

ಅಪ್ಪ ಕೊರಳಿನ ಟೇಪು ತೆಗೆದು ಅವಳನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿದ. ನಾನು ಮೇಜಿನ ಮೇಲೆ ಬಗ್ಗಿದ್ದೆ, ಅಳತೆ ಕಿವಿಗೆ ಬಿತ್ತು.

"ಸರಿಯಾಗಿ ನಾಲ್ಕು ಅಡಿ. ಕೂದಲು ಬಿಟ್ಟು."

ಬಟನ್ ಕೂಗಿದ ಕೂಗಿಗೆ ಒಳಗೆ ಹೊಲಿಯುತ್ತಿದ್ದವರು ಮಿಷನ್ನು ನಿಲ್ಲಿಸಿದರು. ನಾನು ಕೆಂಪು ತುಂಡನ್ನು ಪಟ್ಟಿಯ ಎಡ ತುದಿಗೆ ಅಂಟಿಸಿದೆ.

ಮಾರನೆಯ ವಾರ ಬಂತು ಗ್ರಹಚಾರ. ಒಂದು ಶಾಲೆಯ ಹೆಡ್‌ಮಿಸ್ಸು ಒಂದು ಗಂಟು ಯೂನಿಫಾರಂ ಹೊರಿಸಿಕೊಂಡು ಬಂದು ನನ್ನ ಮೇಜಿನ ಮೇಲೆ ಇಳಿಸಿದರು.

"ನೀವೇ ನೋಡಿಮ್ಮ. ಮಕ್ಕಳು ಚೀಲದೊಳಗೆ ಇಳಿದು ನಿಂತ ಹಾಗೆ ಕಾಣ್ತಾರೆ. ಪ್ರಾರ್ಥನೆ ಹೊತ್ತಲ್ಲಿ ಒಬ್ಬ ಕೈ ಮುಗಿದ, ಪ್ಯಾಂಟು ಕೆಳಗಿಳೀತು."

ನಗು ಬರುವ ಮಾತೇ. ನನಗೆ ಬರಲಿಲ್ಲ. ಒಂದಲ್ಲ ಎರಡಲ್ಲ, ಗಂಟಿಗೆ ಗಂಟೇ ದೊಗಳೆ. ನನ್ನ ಗೆರೆಗಳನ್ನು ನಾನು ಮತ್ತೆ ಮತ್ತೆ ನೋಡಿದೆ. ಅಪ್ಪ ಹೇಳಿದ ಅಳತೆ ಹಿಡಿದು, ಎಷ್ಟು ಬಿಡಬೇಕೋ ಅಷ್ಟು ಬಿಟ್ಟು ಸರಿಯಾಗಿಯೇ ಕತ್ತರಿಸಿದ್ದೆ. ಅಂದ ಮೇಲೆ ತಪ್ಪಿರುವುದು ಅಳತೆ.

ಹೋದ ವರ್ಷದವರೆಗೆ ಮಕ್ಕಳ ಬಟ್ಟೆ ಪೂರ್ತಿ ಅಪ್ಪನದೇ. ಅಳೆಯುತ್ತಿದ್ದವನೂ ಅವನೇ, ಕತ್ತರಿಸುತ್ತಿದ್ದವನೂ ಅವನೇ. ನಾನು ದೊಡ್ಡವರ ಬಟ್ಟೆ ನೋಡಿಕೊಳ್ಳುತ್ತಿದ್ದೆ. ಆಮೇಲೆ ಅವನ ಕೈ ನಡುಗತೊಡಗಿತು. ಒಂದು ದಿನ ಕತ್ತರಿಯನ್ನು ತಾನೇ ತಂದು ನನ್ನ ಮುಂದಿಟ್ಟು, ಹೋಗಿ ಕೈ ತೊಳೆದುಕೊಂಡ. ಟೇಪು ಮಾತ್ರ ಕೊರಳಲ್ಲಿ ಉಳಿಯಿತು. ಅಂದಿನಿಂದ ನಮ್ಮಲ್ಲಿ ಒಂದು ಕಟ್ಟು: ಟೇಪು ಅವನದು, ಕತ್ತರಿ ನನ್ನದು. ಅವನು ಅಳೆದದ್ದನ್ನು ನಾನು ತಿರುಗಿ ಅಳೆಯುವಂತಿಲ್ಲ. ಗಿರಾಕಿಯ ಮುಂದೆ ಹಾಗೆ ಮಾಡಿದರೆ ಅವನ ಮುಖಕ್ಕೆ ಹೊಡೆದ ಹಾಗೆ.

ಹೆಡ್‌ಮಿಸ್ಸು ಹೋದ ಮೇಲೆ ನಾನು ಮೆತ್ತಗೆ ಶುರುಮಾಡಿದೆ. ಮೆತ್ತಗೆ ಮಾತಾಡುವುದು ನನಗೆ ಒಗ್ಗುವುದಿಲ್ಲ, ಅದು ಅಪ್ಪನಿಗೂ ಗೊತ್ತು.

"ಅಪ್ಪ, ನೀನು ಇನ್ಮೇಲೆ ಕೌಂಟರ್ ಹತ್ರ ಕೂತ್ಕೋ. ಬಂದವರನ್ನ ಮಾತಾಡಿಸ್ತಾ ಇರು. ಎಷ್ಟು ದಿನ ಅಂತ ನಿಂತು ನಿಂತು..."

"ಟೇಪು ಬಿಡು ಅಂತ ನೇರವಾಗಿ ಹೇಳು."

"ನಾನು ಹಾಗೆಲ್ಲಿ ಹೇಳ್ದೆ?"

"ಹೇಳೋ ಮುಖ ನೋಡಿದ್ರೆ ಗೊತ್ತಾಗಲ್ವಾ?" ಅಪ್ಪನ ಕೈ ಕೊರಳಿನ ಟೇಪಿಗೆ ಹೋಯಿತು. "ಕಣ್ಣು ನೆಟ್ಟಗಿದೆ ಕಣೆ ನನಗೆ. ಹೆಬ್ಬಾವಿನ ಗೇಟಲ್ಲಿ ಅಳತೆ ಕಂಬ ನೆಟ್ಟಿದ್ದಾರಂತಲ್ಲ. ಅದು ನಿನ್ನ ಪರವೂ ಅಲ್ಲ, ನನ್ನ ಪರವೂ ಅಲ್ಲ. ಮಗೂನ ನಾಲ್ಕು ಅಡಿ ಅಂದಿದ್ದೀನಿ. ಆ ಕಂಬ ಅಲ್ಲ ಅಂದ್ರೆ ಅಲ್ಲೇ ಟೇಪು ನಿನ್ನ ಕೈಗೆ ಕೊಡ್ತೀನಿ. ಹೌದು ಅಂದ್ರೆ ನೀನು ಈ ಮಾತು ಇನ್ನೊಂದು ಸಲ ಎತ್ತಕೂಡದು."

"ಆಯ್ತು" ಅಂದೆ. ಅನ್ನಬಾರದಿತ್ತು. ಬಾಯಿಗೆ ಬಂದುಬಿಟ್ಟಿತು.

ಆಮೇಲಿನ ದಿನಗಳಲ್ಲಿ ಬಟನ್‌ಗೆ ಸ್ನಾನ ಮಾಡಿಸುವಾಗ ಗೋಡೆಗೆ ನಿಲ್ಲಿಸಿ ಒಂದು ಗೆರೆ ಎಳೆದು ನೋಡಿಬಿಡಲೇ ಅನ್ನಿಸುತ್ತಿತ್ತು. ಮಾಡಲಿಲ್ಲ. ಕಟ್ಟು ಕಟ್ಟೇ. ಅಲ್ಲದೆ ನನಗೆ ಭಯವಿತ್ತು. ಅಪ್ಪನ ಅಳತೆ ಸರಿ ಎಂದಾದರೆ ಆ ಗಂಟು ಬಟ್ಟೆಗೆ ನಾನೇ ಉತ್ತರ ಹೇಳಬೇಕು. ತಪ್ಪು ಎಂದಾದರೆ ಮಗಳ ಹೆಬ್ಬಾವೂ ಹೋಯಿತು, ಅಪ್ಪನ ಟೇಪೂ ಹೋಯಿತು. ಮನೆಯವರು ಮಾತ್ರ ನಿರಾಳವಾಗಿದ್ದರು. "ಮಾವ ಮತ್ತು ನೀನು ಪಂದ್ಯ ಕಟ್ಟಿದ್ದೀರಿ, ನಡುವೆ ಮಗು ನಿಂತಿದೆ" ಎಂದು ಒಂದೇ ಒಂದು ಸಲ ಹೇಳಿದರು. ಅವರು ಕಡಿಮೆ ಮಾತಾಡುವುದರಿಂದ ಅದು ಚುಚ್ಚಿತು.

ಪಾರ್ಕಿನ ದಿನ ಎಲ್ಲವೂ ಪಟ್ಟಿಯ ಪ್ರಕಾರವೇ ಶುರುವಾಯಿತು. ಟಿಕೆಟು ಮೊದಲೇ ತೆಗೆದಿಟ್ಟಿದ್ದೆ. ಮನೆಯವರು ವ್ಯಾನನ್ನು ಹೊರಗೆ ಹೋಗುವ ಕಡೆಗೆ ಮೂತಿ ಮಾಡಿ ನಿಲ್ಲಿಸಿದರು, ಅವರ ವೃತ್ತಿಯ ಹೆಮ್ಮೆ ಅದು. ಗೇಟು ತೆಗೆದ ಕೂಡಲೇ ಜನ ನಾನು ಹೇಳಿದ ಹಾಗೆಯೇ ಎದುರಿನ ದೊಡ್ಡ ಚಕ್ರಕ್ಕೆ ಮುತ್ತಿಕೊಂಡರು. ನಾವು ಕಾರಂಜಿಯ ಪಕ್ಕದ ದಾರಿ ಹಿಡಿದು ಹಿಂಬದಿಗೆ ನಡೆದೆವು. ಅಲ್ಲಿ ಕಸ ಗುಡಿಸುವವರು ಬಿಟ್ಟರೆ ಯಾರೂ ಇರಲಿಲ್ಲ. ನನಗೆ ಒಳಗೊಳಗೇ ಹಿಗ್ಗು. ಬಟನ್ ಕೂದಲನ್ನು ಎತ್ತಿ ನೆತ್ತಿಯ ಮೇಲೆ ಕಟ್ಟಿಸಿಕೊಂಡಿದ್ದಳು, ಅಪ್ಪ ಅದನ್ನು ದಾರಿಯಲ್ಲೇ ಬಿಚ್ಚಿಸಿದ. "ಮೋಸ ಬೇಡ. ನಮಗೆ ಬೇಕಾಗಿಯೂ ಇಲ್ಲ" ಅಂದ.

ಹೆಬ್ಬಾವಿನ ಗೇಟಿನಲ್ಲಿ ಮರದ ಹಾವೊಂದು ನೆಟ್ಟಗೆ ನಿಂತಿತ್ತು. ಅದರ ಬಾಯಿಂದ ಕೆಂಪು ನಾಲಿಗೆ ಅಡ್ಡಕ್ಕೆ ಚಾಚಿತ್ತು. ನಾಲಿಗೆ ತಲೆಗೆ ತಾಗಿದರೆ ಒಳಗೆ, ಇಲ್ಲದಿದ್ದರೆ ಇಲ್ಲ. ಟೋಪಿ ಹಾಕಿಕೊಂಡ ಗೇಟಿನ ಹುಡುಗಿ ನಗುತ್ತಾ ಬಟನ್‌ನ ಹೆಗಲು ಹಿಡಿದು ನಾಲಿಗೆಯ ಕೆಳಗೆ ನಿಲ್ಲಿಸಿದಳು.

ತಾಗಲಿಲ್ಲ.

"ನೆಟ್ಟಗೆ ನಿಲ್ಲು ಪುಟ್ಟಿ" ಎಂದಳು ಹುಡುಗಿ. ಬಟನ್ ಕತ್ತಿನ ನರ ಉಬ್ಬುವ ಹಾಗೆ ನಿಂತಳು. ತಲೆಗೂ ನಾಲಿಗೆಗೂ ನಡುವೆ ಬೆಳಕು ಕಾಣುತ್ತಿತ್ತು. ಹೆಚ್ಚಿಲ್ಲ, ಸ್ವಲ್ಪವೇ. ಆದರೆ ಕಾಣುತ್ತಿತ್ತು.

"ಈ ಸಲ ಆಗಲ್ಲ ಕಂದ. ಇನ್ನೊಂದು ಸ್ವಲ್ಪ ಬೆಳೆದು ಬಾ."

ಬಟನ್ ಅಳಲಿಲ್ಲ. ಅಪ್ಪನ ಮುಖ ನೋಡಿದಳು, ಅವನು ಈಗ ಏನೋ ಮಾಡಿ ಇದನ್ನು ಸರಿಮಾಡುತ್ತಾನೆ ಎನ್ನುವಂತೆ. ನನಗೆ ಅದನ್ನು ನೋಡಲಾಗಲಿಲ್ಲ.

"ನಿಮ್ಮ ಕಂಬ ತಪ್ಪಿದೆಯಮ್ಮ" ಎಂದ ಅಪ್ಪ. ಸಿಟ್ಟಿನಿಂದಲ್ಲ, ಗಿರಾಕಿಗೆ ಹೇಳುವ ಧ್ವನಿಯಲ್ಲಿ. ಕೊರಳಿನ ಟೇಪು ತೆಗೆದ. ಒಂದು ತುದಿಯನ್ನು ಬಟನ್‌ನ ಹಿಮ್ಮಡಿಯ ಹತ್ತಿರ ಕಾಲಲ್ಲಿ ಒತ್ತಿ ಹಿಡಿದ, ಇನ್ನೊಂದನ್ನು ಬೆನ್ನುದ್ದಕ್ಕೂ ಎಳೆದು ತಲೆಯವರೆಗೆ ತಂದ. ಕೈ ನಡುಗುತ್ತಿತ್ತು, ಆದರೆ ಟೇಪು ನೆಟ್ಟಗಿತ್ತು. "ಬಾ, ನೀನೇ ನೋಡು. ಸರಿಯಾಗಿ ನಾಲ್ಕು ಅಡಿ."

ಹುಡುಗಿ ನೋಡಿದಳು. ನಾನೂ ನೋಡಿದೆ. ಕತ್ತರಿ ನನ್ನ ಕೈಗೆ ಬಂದ ಮೇಲೆ, ಅವನು ಅಳೆಯುವಾಗ ಇಷ್ಟು ಹತ್ತಿರ ನಿಂತು ನಾನು ನೋಡಿದ್ದು ಅದೇ ಮೊದಲು. ಅಂಗಡಿಯಲ್ಲಿ ನಾನು ಯಾವಾಗಲೂ ಮೇಜಿನ ಮೇಲೆ ಬಗ್ಗಿರುತ್ತೇನೆ, ಅಂಕಿ ಕಿವಿಗೆ ಬೀಳುತ್ತದೆ ಅಷ್ಟೆ.

ಟೇಪು ಸುಳ್ಳು ಹೇಳುತ್ತಿರಲಿಲ್ಲ. ಅಪ್ಪನ ಕಣ್ಣೂ ಸುಳ್ಳು ಹೇಳುತ್ತಿರಲಿಲ್ಲ. ಬಟನ್‌ನ ನೆತ್ತಿಯ ಮೇಲೆ ಅವನ ಎಡಗೈಯ ಎರಡು ಬೆರಳು ಅಡ್ಡಕ್ಕೆ ಮಲಗಿದ್ದವು. ಅವನು ಓದುತ್ತಿದ್ದದ್ದು ಆ ಬೆರಳುಗಳ ಮೇಲಿನಿಂದ.

"ಅಪ್ಪ" ಅಂದೆ. "ಬೆರಳು ತೆಗಿ."

"ಯಾವ ಬೆರಳು?"

ಅವನು ಕೇಳಿದ್ದು ನಾಟಕವಲ್ಲ. ತನ್ನ ಕೈಯನ್ನು ಬೇರೆ ಯಾರದೋ ಕೈ ನೋಡುವ ಹಾಗೆ ನೋಡಿದ. ಬೆರಳು ತೆಗೆದ. ಇನ್ನೊಂದು ಸಲ ಓದಿದ. ಆಮೇಲೆ ಟೇಪನ್ನು ನಿಧಾನವಾಗಿ ಸುರುಳಿ ಸುತ್ತಿ ನನ್ನ ಕೈಯಲ್ಲಿಟ್ಟ.

"ಮಾತು ಮಾತೇ" ಎಂದ.

ಮನೆಯವರು ಗಂಟಲು ಸರಿಮಾಡಿಕೊಂಡರು. "ಇಷ್ಟು ದೂರ ಬಂದಿದ್ದೀವಿ, ಕ್ಯೂನೂ ಇಲ್ಲ. ನಾನೊಬ್ಬ ಹೋಗ್ಬಂದ್ಬಿಡ್ಲಾ?"

ನಾನು ನೋಡಿದ ನೋಟಕ್ಕೆ ಅವರು ಬಟನ್‌ನ ಕೈ ಹಿಡಿದು ಮುಂದೆ ನಡೆದರು.

ದಿನದ ದೊಡ್ಡ ತುಂಡೇ ಹರಿದು ಹೋಗಿತ್ತು. ಬೇರೆಯವರಾಗಿದ್ದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರೇನೋ. ನಾನು ಉಳಿದ ತುಂಡುಗಳನ್ನು ಮನಸ್ಸಿನಲ್ಲೇ ಎಡಕ್ಕೆ ಸರಿಸಿದೆ. ದೋಣಿ, ಕನ್ನಡಿ ಮನೆ, ತಿರುಗುವ ಬಟ್ಟಲು. ಎಲ್ಲ ಕಡೆಯೂ ಜನ ಬರುವ ಮುಂಚೆ ನಾವಿದ್ದೆವು. ಬಟನ್ ಒಂದೊಂದರಲ್ಲೂ ಕೂತಳು, ಇಳಿದಳು, ಮುಖ ಮಾತ್ರ ಊದಿಕೊಂಡೇ ಇತ್ತು. ಅಪ್ಪ ನಮ್ಮ ಹಿಂದೆ ಹಿಂದೆ ನಡೆಯುತ್ತಿದ್ದ. ಆಗಾಗ ಅವನ ಕೈ ಕೊರಳಿಗೆ ಹೋಗುತ್ತಿತ್ತು. ಅಲ್ಲಿ ಏನೂ ಸಿಗದೆ, ಅಂಗಿಯ ಮೇಲಿನ ಗುಂಡಿಯನ್ನು ಹಾಕಿ ತೆಗೆದು ಮಾಡಿ ಕೆಳಗೆ ಇಳಿಯುತ್ತಿತ್ತು. ಗೆದ್ದವಳು ನಾನು. ಚೀಲದಲ್ಲಿದ್ದ ಆ ಟೇಪು ನನ್ನ ಹೆಗಲನ್ನು ಜಗ್ಗುತ್ತಿತ್ತು.

ಊರೆಲ್ಲ ಉಣ್ಣುವ ಮುಂಚೆ ಊಟಕ್ಕೆ ಕೂತೆವು. ಮನೆಯವರು ಬಟನ್‌ಗೆ ಕೈ ತೊಳೆಸಲು ಕರೆದುಕೊಂಡು ಹೋದರು. ಕಲ್ಲು ಬೆಂಚಿನ ಮೇಲೆ ನಾನೂ ಅಪ್ಪನೂ ಉಳಿದೆವು.

"ಯೂನಿಫಾರಂ ಅಳೆಯುವಾಗಲೂ ಬೆರಳು ಇಡ್ತಿದ್ದೆಯಾ?"

"ಮೊದಮೊದಲು ಬೇಕಂತಲೇ ಇಟ್ಟೆ. ಸೊಂಟಕ್ಕೆ ಟೇಪು ಸುತ್ತುವಾಗ ಒಳಗೆ ಎರಡು ಬೆರಳು. ಉದ್ದಕ್ಕೆ ಎರಡು ಬೆರಳು. ಆಮೇಲೆ ಕೈಗೇ ರೂಢಿ ಆಗೋಯ್ತೇನೋ. ಇವತ್ತು ಇಟ್ಟಿದ್ದು ನನಗೆ ನಿಜವಾಗ್ಲೂ ಗೊತ್ತಿಲ್ಲ ಕಣೆ."

"ಯಾಕೆ ಇಟ್ಟೆ?"

"ಮಕ್ಕಳು ಬೆಳೀತಾರಲ್ಲ. ವರ್ಷ ಪೂರ್ತಿ ಹಾಕ್ಕೊಳ್ಳೋ ಬಟ್ಟೆ. ಕತ್ತರಿ ನನ್ನ ಕೈಲಿದ್ದಾಗ ಕತ್ತರಿಸುವಾಗಲೇ ಬಿಡ್ತಿದ್ದೆ." ನನ್ನ ಮುಖ ನೋಡದೆ ಹೇಳಿದ. "ನೀನು ಒಂದು ನೂಲು ದಂಡ ಮಾಡೋಳಲ್ಲ. ಮಕ್ಕಳಿಗೆ ಬೆಳೆಯೋಕೆ ಜಾಗ ಬಿಡ್ತೀಯೋ ಇಲ್ವೋ ಅಂತ ನನಗೊಂದು ಅನುಮಾನ ಇತ್ತು."

ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟಿನ ಹಿಂದೆಯೇ ದುಃಖ.

"ನಾನು ನಿನ್ನ ಮೇಜಿನ ಕೆಳಗೆ ಚೂರು ಬಟ್ಟೆ ಹಾಸ್ಕೊಂಡು ಮಲಗಿ ಬೆಳೆದೋಳು ಅಪ್ಪ. ನನಗೆ ಅಷ್ಟೂ ಗೊತ್ತಿಲ್ವಾ? ನಾನೂ ಎರಡು ಬೆರಳು ಬಿಟ್ಟೇ ಕತ್ತರಿಸ್ತಿದ್ದೀನಿ. ಒಂದೊಂದಕ್ಕೂ."

ಅಪ್ಪ ನನ್ನ ಕಡೆ ತಿರುಗಿದ. "ಒಂದೊಂದಕ್ಕೂ?"

"ಒಂದೊಂದಕ್ಕೂ. ನಿನಗೆ ಹೇಳೋದೇನು ಅಂತ ಹೇಳ್ಲಿಲ್ಲ."

"ನನಗೂ ಹಾಗೇ ಅನ್ನಿಸ್ತು" ಎಂದ ಅಪ್ಪ. ಆಮೇಲೆ ಲೆಕ್ಕ ಅವನಿಗೆ ಹೊಳೆಯಿತು, ನನಗೂ ಹೊಳೆಯಿತು. "ಹಾಗಾದ್ರೆ ಆ ಹುಡುಗನ ಪ್ಯಾಂಟು ನಾಲ್ಕು ಬೆರಳು..."

"ಕೈ ಮುಗಿದ ಕೂಡ್ಲೇ ಇಳೀತು."

ಅಪ್ಪ ಮೊದಲು ನಕ್ಕದ್ದೋ ನಾನೋ ನೆನಪಿಲ್ಲ. ಅಪ್ಪನಿಗೆ ಕೆಮ್ಮು ಬರುವಷ್ಟು ನಗು. ನನ್ನ ಕಣ್ಣಲ್ಲಿ ನೀರು ಬಂದದ್ದು ಪೂರ್ತಿ ನಗುವಿನಿಂದಲ್ಲ. ಕೈ ತೊಳೆದು ಬಂದ ಬಟನ್ "ನನ್ನನ್ನ ನೋಡಿ ನಗ್ತಿದ್ದೀರಾ?" ಎಂದು ಸೊಂಟದ ಮೇಲೆ ಕೈ ಇಟ್ಟು ನಿಂತಳು. ಅಪ್ಪ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ನಡೆದದ್ದನ್ನೆಲ್ಲ ಹೇಳಿದ. ತಾನು ಬೆರಳು ಇಟ್ಟಿದ್ದು, ನಾನು ಬಟ್ಟೆ ಬಿಟ್ಟಿದ್ದು, ಪ್ಯಾಂಟು ಇಳಿದದ್ದು. ಅವಳು ನಗಲಿಲ್ಲ.

"ತಪ್ಪಾಯ್ತು ಪುಟ್ಟ" ಎಂದ ಅಪ್ಪ ಕೊನೆಗೆ. "ಎಲ್ಲರ ಮುಂದೆ ನಿನ್ನನ್ನ ನಿಲ್ಲಿಸಿಬಿಟ್ಟೆ."

ಬಟನ್ ಯೋಚಿಸಿದಳು. "ಸಾಯಂಕಾಲ ಇನ್ನೊಂದ್ಸಲ ಆ ಹಾವಿನ ಹತ್ರ ಹೋಗಬೇಕು" ಎಂದಳು. ಯಾಕೆ ಎಂದು ಕೇಳಿದರೆ ಹೇಳಲಿಲ್ಲ.

ಪಟ್ಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಹಿಂಬದಿಗೆ ಹೋಗಿ ಮತ್ತೆ ಮುಂದಿನ ಗೇಟಿಗೆ ಬರುವುದೆಂದರೆ ಇಡೀ ಪಾರ್ಕನ್ನು ಸುಮ್ಮನೆ ಎರಡು ಸಲ ತುಳಿಯುವುದು. ಆದರೂ ನೀರಿನ ಆಟ ಮುಗಿಸಿ, ಒದ್ದೆ ಬಟ್ಟೆಯಲ್ಲೇ ಹೋದೆವು. ಈಗ ಅಲ್ಲಿ ಕ್ಯೂ ಕಾರಂಜಿಯವರೆಗೆ ಬೆಳೆದಿತ್ತು. ಗೇಟಿನ ಹುಡುಗಿ ನಮ್ಮನ್ನು ಗುರುತು ಹಿಡಿದಳು.

"ಬೆಳಗ್ಗೆಯಿಂದ ಬೆಳೆದುಬಿಟ್ಟೆಯಾ ಪುಟ್ಟಿ?"

ಬಟನ್ ಸೀದಾ ಹೋಗಿ ಹಾವಿನ ನಾಲಿಗೆಯ ಕೆಳಗೆ ನಿಂತಳು. ಸಾಲಿನಲ್ಲಿದ್ದ ಮಕ್ಕಳೆಲ್ಲ ನೋಡುತ್ತಿದ್ದರು. "ತಾತ, ಬೆರಳು ಇಡು" ಎಂದಳು.

ಅಪ್ಪ ನನ್ನ ಮುಖ ನೋಡಿದ. ಆಮೇಲೆ ಹೋಗಿ ಅವಳ ಒದ್ದೆ ನೆತ್ತಿಯ ಮೇಲೆ ಎರಡು ಬೆರಳನ್ನು ಅಡ್ಡಕ್ಕೆ ಇಟ್ಟ. ಬೆರಳು ನಾಲಿಗೆಗೆ ಸರಿಯಾಗಿ ತಾಗಿತು. ನಡುವೆ ಒಂದು ಎಳೆ ದಾರ ಹೋಗುವಷ್ಟೂ ಸಂದು ಇರಲಿಲ್ಲ.

"ತಾತ ಸರಿಯಾಗೇ ಅಳೆದಿದ್ದು" ಎಂದು ಬಟನ್ ಆ ಹುಡುಗಿಗೆ ಹೇಳಿದಳು, ನಮಗಲ್ಲ. "ಅದು ಮುಂದಿನ ವರ್ಷದ್ದು."

"ಮುಂದಿನ ವರ್ಷ ಬೆರಳು ಬಿಟ್ಟು ಬಾ, ಮೊದಲ ಸೀಟು ನಿಂದೇ" ಎಂದಳು ಹುಡುಗಿ.

ನಾನು ಚೀಲದಿಂದ ಟೇಪು ತೆಗೆದೆ. ಅಪ್ಪ ಒಂದು ಹೆಜ್ಜೆ ಹಿಂದೆ ಸರಿದ. "ಬೇಡ. ಸೋತಿದ್ದೀನಿ."

"ಸೋತಿದ್ದು ಇಬ್ರೂ. ಬಗ್ಗು." ಅವನು ಬಗ್ಗಲಿಲ್ಲ, ನಾನೇ ತುದಿಗಾಲಲ್ಲಿ ನಿಂತು ಕೊರಳಿಗೆ ಹಾಕಿದೆ. "ಇನ್ಮೇಲೆ ಬೆರಳು ನಿನ್ನದು. ಬೆಳೆಯೋ ಜಾಗ ಎಲ್ಲ ನೀನೇ ಸೇರಿಸಿ ಹೇಳು. ನಾನು ನೀನು ಹೇಳಿದ ಗೆರೆ ಮೇಲೇ ಕತ್ತರಿಸ್ತೀನಿ."

"ಒಂದು ನೂಲೂ ಬಿಡದೆ?"

"ಒಂದು ನೂಲೂ ಬಿಡದೆ."

ಮನೆಯವರು ಆಗಲೇ ವ್ಯಾನಿನ ಕಡೆಗೆ ಹೊರಟಿದ್ದರು. ಬಟನ್ ವ್ಯಾನು ಹೊರಡುವ ಮುಂಚೆಯೇ ಅಪ್ಪನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು.

ಮರುದಿನ ಅಂಗಡಿ ತೆಗೆದ ಕೂಡಲೇ ಒಬ್ಬ ತಾಯಿ ಮಗನನ್ನು ಕರೆತಂದಳು, ಹೊಸ ಶಾಲೆಗೆ ಸೇರಿದ್ದವನು. ಅಪ್ಪ ಅವನನ್ನು ಬಾಗಿಲ ಹತ್ತಿರ ನಿಲ್ಲಿಸಿ ಟೇಪು ಸುತ್ತಿದ. ನಾನು ಮೇಜಿನಿಂದ ತಲೆಯೆತ್ತಿ ನೋಡಿದೆ, ಟೇಪಿನೊಳಗೆ ಎರಡು ಬೆರಳು ಇತ್ತು. ಅವನು ಅಂಕಿ ಕೂಗಿದ. ನಾನು ಸೀಮೆಸುಣ್ಣದಿಂದ ಗೆರೆ ಎಳೆದು ಕತ್ತರಿ ತೆಗೆದುಕೊಂಡೆ. ನನ್ನ ಕೈ ತಾನಾಗಿಯೇ ಗೆರೆಯಿಂದ ಎರಡು ಬೆರಳು ಹೊರಗೆ ಸರಿದಿತ್ತು. ಹಿಂದಕ್ಕೆ ಎಳೆದು, ಅವನು ಹೇಳಿದ ಗೆರೆಯ ಮೇಲೆ ಇಟ್ಟೆ.